ಆ ಎಂಟು ದಿನ ನನ್ನ ಮಗಳಿಗೂ ಕೊಡಿ: ನಮ್ಮ ಸಭೆಯ ಹಿರಿಯರಿಗೆ ಒಂದು ಬಹಿರಂಗ ಪತ್ರ

ಪೂಜ್ಯ ಸಭಾಪಾಲಕ ಅಯ್ಯನವರಿಗೆ, ಸಭೆಯ ಹಿರಿಯರಿಗೆ, ದೃಢೀಕರಣ ತರಗತಿ ನಡೆಸುವ ಅಣ್ಣ ಅಕ್ಕಂದಿರಿಗೆ,

ಕ್ರಿಸ್ತನಲ್ಲಿ ವಂದನೆಗಳು.

ನಾನು ನಿಮ್ಮ ಸಭೆಯವಳೇ. ಹುಟ್ಟಿ ಬೆಳೆದದ್ದು ಬೆಂಗಳೂರಿನಲ್ಲಿ. ನನ್ನ ದೀಕ್ಷಾಸ್ನಾನ, ದೃಢೀಕರಣ, ಮದುವೆ ಎಲ್ಲ ಆದದ್ದು ನಮ್ಮ ಚರ್ಚಿನಲ್ಲೇ. ನನ್ನ ಅಪ್ಪ ಅಲ್ಲಿ ಬಹಳ ವರ್ಷ ಹಿರಿಯರಾಗಿದ್ದರು. ಅವರನ್ನು ಕೊನೆಯ ಸಲ ಹೊತ್ತುಕೊಂಡು ಹೋದದ್ದೂ ಆ ಬಾಗಿಲಿನಿಂದಲೇ. ಇದನ್ನೆಲ್ಲ ಹೇಳುವುದು ಯಾಕೆಂದರೆ, ಈ ಪತ್ರವನ್ನು ಹೊರಗಿನವರು ಯಾರೋ ಬರೆದದ್ದು ಅಂತ ನೀವು ಪಕ್ಕಕ್ಕಿಡಬಾರದು.

ದೃಢೀಕರಣ ತರಗತಿಯಲ್ಲಿ ಪ್ರಶ್ನೆ ಕೇಳಿದ ನನ್ನ ಮಗಳನ್ನು ನಡೆಸಿಕೊಂಡ ರೀತಿಯ ಬಗ್ಗೆ ಕಳೆದ ವರ್ಷ ಕಮಿಟಿಗೆ ಎರಡು ಸಲ ಪತ್ರ ಕೊಟ್ಟೆ. ಉತ್ತರ ಬರಲಿಲ್ಲ. ಬೇರೆ ಸಭೆಗಳ ತಾಯಂದಿರ ಹತ್ತಿರ ಮಾತಾಡಿದಾಗ, ಅಲ್ಲೂ ಇಂಥದ್ದೇ ನಡೆಯುತ್ತಿದೆ ಅಂತ ಗೊತ್ತಾಯಿತು. ಅದಕ್ಕೆ ಎಲ್ಲರೂ ಓದಲಿ ಎಂದು ಬರೆಯುತ್ತಿದ್ದೇನೆ. ಸಭೆಯ ಹೆಸರು, ಯಾರೊಬ್ಬರ ಹೆಸರು ಹಾಕುವುದಿಲ್ಲ. ಓದಿದ ಮೇಲೆ ನಿಮಗೆ ಗೊತ್ತಾಗುತ್ತದೆ.

ನಡೆದದ್ದು ಹೀಗೆ. ಹೋದ ಬೇಸಿಗೆಯಲ್ಲಿ ನನ್ನ ಮಗಳು 10ನೇ ಕ್ಲಾಸ್ ಪರೀಕ್ಷೆ ಮುಗಿಸಿ ದೃಢೀಕರಣ ತರಗತಿಗೆ ಸೇರಿದಳು. ದೀಕ್ಷಾಸ್ನಾನವಾದ ಮಗು ದೊಡ್ಡದಾಗಿ ತನ್ನ ನಂಬಿಕೆಯನ್ನು ತಾನೇ ಹೇಳಿ, ಬಿಷಪರು ಅದರ ತಲೆಯ ಮೇಲೆ ಕೈ ಇಡುವ ವಿಧಿಗೆ ತಯಾರು ಮಾಡುವ ತರಗತಿ ಅದು. ಒಟ್ಟು 14 ಮಕ್ಕಳು. ಶನಿವಾರ ಸಾಯಂಕಾಲ 4 ಗಂಟೆಗೆ, ಚರ್ಚ್ ಹಿಂದಿನ ಹಾಲಿನಲ್ಲಿ. ಅವಳು ತುಂಬಾ ಇಷ್ಟಪಟ್ಟು ಹೋಗುತ್ತಿದ್ದಳು. ರಜೆಯಲ್ಲಿ ಒಂದು ಮಧ್ಯಾಹ್ನ ಕೂತು ಮಾರ್ಕನ ಸುವಾರ್ತೆಯನ್ನು ಮೊದಲಿಂದ ಕೊನೆಯವರೆಗೆ ಒಂದೇ ಸಲಕ್ಕೆ ಓದಿದಳು. ನನ್ನ ಇಷ್ಟು ವರ್ಷದ ಬದುಕಿನಲ್ಲಿ ನಾನು ಹಾಗೆ ಓದಿರಲಿಲ್ಲ. ನಾವು ಭಾನುವಾರಕ್ಕೆ ಒಂದು ತುಂಡು ಓದುವವರು.

ಓದಿದ ಮೇಲೆ ಪ್ರಶ್ನೆಗಳು ಹುಟ್ಟಿದವು. ಎರಡನ್ನು ತರಗತಿಯಲ್ಲಿ ಕೇಳಿದಳು. ಮೊದಲನೆಯದು ನಾವು ವಾರವಾರ ಎದ್ದು ನಿಂತು ಹೇಳುವ ಅಪೊಸ್ತಲರ ವಿಶ್ವಾಸ ಪ್ರಮಾಣದ ಬಗ್ಗೆ. ಅದರಲ್ಲಿ ಯೇಸು ಕನ್ಯೆ ಮರಿಯಳಲ್ಲಿ ಹುಟ್ಟಿದರು ಅಂತಿದೆ. ಅದರ ಬೆನ್ನಿಗೇ ಪೊಂತ್ಯ ಪಿಲಾತನ ಕಾಲದಲ್ಲಿ ಕಷ್ಟಪಟ್ಟು, ಶಿಲುಬೆಗೆ ಹಾಕಲ್ಪಟ್ಟು ಸತ್ತರು ಅಂತಿದೆ. "ಹುಟ್ಟಿದ್ದೂ ಇದೆ, ಸತ್ತಿದ್ದೂ ಇದೆ. ನಡುವೆ ಅವರು ಬದುಕಿದ್ದು ಎಲ್ಲಿ ಅಂಕಲ್? ಕುಷ್ಠರೋಗಿಯನ್ನು ಮುಟ್ಟಿದ್ದು, ಸುಂಕದವರ ಜೊತೆ ಊಟ ಮಾಡಿದ್ದು ಯಾಕಿಲ್ಲ?" ಎರಡನೆಯದು ಶಿಲುಬೆಯ ಮೇಲಿನ ಕೂಗಿನ ಬಗ್ಗೆ. ಮಾರ್ಕನಲ್ಲಿ ಯೇಸು, ನನ್ನ ದೇವರೇ ಯಾಕೆ ನನ್ನ ಕೈಬಿಟ್ಟೆ ಅಂತ ಕೂಗುತ್ತಾರೆ. ಲೂಕನಲ್ಲಿ, ತಂದೆಯೇ ನನ್ನ ಆತ್ಮವನ್ನು ನಿನ್ನ ಕೈಗೆ ಒಪ್ಪಿಸುತ್ತೇನೆ ಅನ್ನುತ್ತಾರೆ. ಯೋಹಾನನಲ್ಲಿ, ತೀರಿತು ಅನ್ನುತ್ತಾರೆ. ಅವಳು ಮೂರನ್ನೂ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಅಕ್ಕಪಕ್ಕ ಬರೆದುಕೊಂಡಿದ್ದಳು. "ದೇವರೇ ಆಗಿದ್ರೆ ಯಾವ ದೇವರನ್ನ ಕರೆದರು?" ಅಂತ ಕೇಳಿದಳು.

"ಅದೆಲ್ಲ ದೊಡ್ಡವರ ವಿಷಯ, ನೀನು ಬೋರ್ಡ್ ನೋಡ್ಕೊಂಡು ಬರ್ಕೋ" ಅಂತ ಪಾಠ ಮಾಡುವವರು ಅಂದರಂತೆ.

ಬೋರ್ಡಿನ ಮೇಲೆ ಇದ್ದದ್ದು 7ನೇ ಪ್ರಶ್ನೆ: ಯೇಸು ಕ್ರಿಸ್ತನು ಯಾರು? ಅದರ ಕೆಳಗೇ ಉತ್ತರ. ಎಲ್ಲರೂ ಬರೆದುಕೊಂಡರು. ನನ್ನ ಮಗಳು ಪ್ರಶ್ನೆ ಬರೆದಳು, ಉತ್ತರ ಬರೆಯಲಿಲ್ಲ. ಬದಲಿಗೆ ಹೀಗೆ ಬರೆದಳು: "ನನಗೆ ಇನ್ನೂ ಪೂರ್ತಿ ಗೊತ್ತಾಗಿಲ್ಲ. ಅವರ ಹಾಗೆ ಯಾರೂ ಇಲ್ಲ ಅಂತ ಮಾತ್ರ ಅನ್ನಿಸುತ್ತದೆ. ಓದುತ್ತಿದ್ದೇನೆ."

ಅದರ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಬಿತ್ತು. ಉಳಿದ 13 ಮಕ್ಕಳ ಮುಂದೆ ಅವಳನ್ನು ನಿಲ್ಲಿಸಿ, ಮೊಬೈಲ್ ನೋಡಿ ಕೆಟ್ಟುಹೋಗಿದ್ದೀಯ ಅಂದರು. ನನಗೆ ಫೋನ್ ಬಂತು.

ನಾನು ಹೋದಾಗ ಎಲ್ಲ ಮಕ್ಕಳ ನೋಟ್‌ಬುಕ್ಕೂ ಮೇಜಿನ ಮೇಲೆ ಇದ್ದವು. 22 ವರ್ಷದಿಂದ ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುತ್ತಿದ್ದೇನೆ. ನೋಟ್‌ಬುಕ್ ಕಂಡರೆ ಕೈ ತಾನಾಗಿ ಹೋಗುತ್ತದೆ. ತೆರೆದು ನೋಡಿದೆ. ಬೋರ್ಡಿನ ಮೇಲೆ ಬರೆಯುವಾಗ "ರಕ್ಷಕನು" ಅನ್ನೋದರಲ್ಲಿ ಒಂದು ಅಕ್ಷರ ಬಿಟ್ಟುಹೋಗಿ "ರಕ್ಷನು" ಅಂತಾಗಿದೆ. 13 ನೋಟ್‌ಬುಕ್ಕಿನಲ್ಲೂ "ರಕ್ಷನು" ಅಂತಲೇ ಇತ್ತು. ಒಂದು ಮಗುವೂ ನಿಂತು ಅದನ್ನು ಓದಿಕೊಂಡಿರಲಿಲ್ಲ. ಹಿರಿಯರೇ, ನನಗೆ ನಿಜವಾಗಿ ಸಂಕಟವಾದದ್ದು ಆಗ. ಆ ಪುಟಗಳಲ್ಲಿ ಓದಿ ಬರೆದದ್ದು ಅಂತ ಇದ್ದದ್ದು ಒಂದೇ ಉತ್ತರ. ಕೆಂಪು ಗೆರೆ ಬಿದ್ದದ್ದೂ ಅದಕ್ಕೇ.

ಆ ದಿನ ಕಮಿಟಿಯ ಒಬ್ಬ ಹಿರಿಯರು ನನ್ನನ್ನು ಪಕ್ಕಕ್ಕೆ ಕರೆದು ಪ್ರೀತಿಯಿಂದಲೇ ಹೇಳಿದರು. "ಬಿಷಪ್ ಬರೋ ದಿನ ಹತ್ತಿರ ಇದೆಯಮ್ಮ. ಸುಮ್ನೆ ಬರೆದುಬಿಡೋಕೆ ಹೇಳಿ. ಆಮೇಲೆ ನಿಧಾನವಾಗಿ ನಂಬ್ಕೋತಾಳೆ." ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ, ನನಗೆ ಗೊತ್ತು. ಬಿಳಿ ಬಟ್ಟೆ ಹೊಲಿಸಿ ಆಗಿತ್ತು, ನೆಂಟರಿಗೆ ಹೇಳಿ ಆಗಿತ್ತು. ನಾನೂ ಆ ರಾತ್ರಿ ಮಗಳಿಗೆ, "ಬರೆದುಬಿಡೇ, ಏನಾಗುತ್ತೆ" ಅಂದೆ. ಅವಳು ಕೇಳಿದಳು: "ಅಮ್ಮ, ಬಿಷಪ್ ನನ್ನ ತಲೆ ಮೇಲೆ ಕೈ ಇಟ್ಟಾಗ ನಾನು ದೇವರ ಮುಂದೆ ಸುಳ್ಳು ಹೇಳಿದ ಹಾಗಾಗಲ್ವಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ಭಾನುವಾರ ನೋಟಿಸ್ ಬೋರ್ಡಿನ ಪಟ್ಟಿಯಲ್ಲಿ ಅವಳ ಹೆಸರಿನ ಮೇಲೆ ಪೆನ್ನಿನಲ್ಲಿ ಗೀಚಿತ್ತು. ಎಲ್ಲರೂ ಓದುವ ಹಾಗೆ.

ದೃಢೀಕರಣ ಅಂದರೆ ಏನು, ಅಯ್ಯನವರೇ? ನೀವೇ ನಮಗೆ ಕಲಿಸಿದ್ದೀರಿ. ಮಗುವಿಗೆ ದೀಕ್ಷಾಸ್ನಾನ ಆದಾಗ ಅದಕ್ಕೆ ಮಾತು ಬರುವುದಿಲ್ಲ. ಅದರ ಪರವಾಗಿ ಅಪ್ಪ ಅಮ್ಮ, ಗಾಡ್‌ಪೇರೆಂಟ್ಸ್ ನಂಬುತ್ತೇವೆ ಅನ್ನುತ್ತಾರೆ. ಆ ಮಗು ದೊಡ್ಡದಾಗಿ, ನೀವು ಅಂದು ನನ್ನ ಪರವಾಗಿ ಹೇಳಿದ್ದನ್ನು ಇಂದು ನಾನೇ ಹೇಳುತ್ತೇನೆ ಅಂತ ನಿಲ್ಲುವ ದಿನ ಇದು. ಈ ಒಂದು ದಿನವೂ ಉತ್ತರವನ್ನು ನಾವೇ ಬರೆದುಕೊಟ್ಟರೆ ಆ ಮಗುವಿಗೆ ಇನ್ನೂ ಮಾತು ಬಂದಿಲ್ಲ ಅಂತಲೇ ಆಯಿತಲ್ಲ?

ಯೇಸು ಯಾರು ಅನ್ನುವ ಪ್ರಶ್ನೆ ಮೊದಲು ಕೇಳಿದ್ದು ಯೇಸು ಸ್ವಾಮಿಯೇ. ಫಿಲಿಪ್ಪನ ಕೈಸರೈಯದ ಕಡೆ ಹೋಗುವಾಗ ಶಿಷ್ಯರನ್ನು, ಜನ ನನ್ನನ್ನು ಯಾರು ಅಂತಾರೆ ಅಂತ ಕೇಳಿದರು. ಸ್ನಾನಿಕನಾದ ಯೋಹಾನ ಅಂತಾರೆ, ಎಲೀಯ ಅಂತಾರೆ, ಪ್ರವಾದಿಗಳಲ್ಲಿ ಒಬ್ಬ ಅಂತಾರೆ ಅಂತ ಅವರು ಊರ ಮಾತು ಒಪ್ಪಿಸಿದರು. ಯೇಸು ಅದನ್ನು ಸರಿ ಅನ್ನಲಿಲ್ಲ, ತಪ್ಪು ಅನ್ನಲಿಲ್ಲ. ನೀವು ಯಾರು ಅಂತೀರಿ ಅಂತ ಕೇಳಿದರು. ಪಾಠ ಮಾಡುವವಳಾಗಿ ನನ್ನ ಕಣ್ಣಿಗೆ ಬಿದ್ದ ಒಂದು ವಿಷಯ ಹೇಳುತ್ತೇನೆ. ಮಾರ್ಕನ ಸುವಾರ್ತೆಯಲ್ಲಿ 16 ಅಧ್ಯಾಯ. ಈ ಪ್ರಶ್ನೆ ಬರುವುದು 8ನೇ ಅಧ್ಯಾಯದಲ್ಲಿ, ಅರ್ಧ ದಾರಿ ನಡೆದ ಮೇಲೆ. ಗಲಿಲಾಯ ಸಮುದ್ರದ ದಡದಲ್ಲಿ ಬಲೆ ಬೀಸುತ್ತಿದ್ದವರನ್ನು ಕರೆದಾಗ, ಮೊದಲು ನಾನು ಯಾರು ಹೇಳಿ ಅಂತ ಯೇಸು ಕೇಳಲಿಲ್ಲ. ಬನ್ನಿ ಅಂದರು. ಶಿಷ್ಯರು ಜೊತೆಗೆ ನಡೆದರು, ಉಂಡರು, ರೋಗಿಗಳನ್ನು ಕಂಡರು, ಬಿರುಗಾಳಿಯಲ್ಲಿ ದೋಣಿಯಲ್ಲಿ ಕೂತು ಹೆದರಿದರು. ಕೇಳಿದ್ದು ಅದೆಲ್ಲ ಆದ ಮೇಲೆ. ಅಷ್ಟಾಗಿ, ನೀನೇ ಕ್ರಿಸ್ತ ಅಂತ ಸರಿ ಉತ್ತರ ಕೊಟ್ಟ ಪೇತ್ರನೇ, ಕೋಳಿ ಕೂಗುವ ಮೊದಲು ಮೂರು ಸಲ ಆ ಮನುಷ್ಯ ನನಗೆ ಗೊತ್ತಿಲ್ಲ ಅಂದ. ಗೊತ್ತಾಗಿಲ್ಲ ಅಂತ 16 ವರ್ಷದ ಹುಡುಗಿ ಬರೆದದ್ದು ಅದಕ್ಕಿಂತ ದೊಡ್ಡ ತಪ್ಪೇ?

ಸಭೆಯ ಚರಿತ್ರೆ ನಿಮಗೆ ನನಗಿಂತ ಜಾಸ್ತಿ ಗೊತ್ತು. ಯೇಸು ಯಾರು ಅಂತ ಒಂದು ಮಾತಿಗೆ ಬರಲು ನೈಸಿಯ ಅನ್ನುವ ಊರಿನಲ್ಲಿ ಬಿಷಪರು ಸೇರಿದ್ದು 325ರಲ್ಲಿ. 2025ರಲ್ಲಿ ಅದಕ್ಕೆ 1700 ವರ್ಷ ತುಂಬಿತು. ಮಗ ತಂದೆಗೆ ಸಮನೋ, ತಂದೆ ಉಂಟುಮಾಡಿದವನೋ ಅನ್ನುವುದು ಅಲ್ಲಿನ ಜಗಳ. ಅಲ್ಲಿಗೂ ಮುಗಿಯಲಿಲ್ಲ. ಮಗ ತಂದೆಗೆ ಸಮ ಅನ್ನುವ ನೈಸಿಯದ ಮಾತನ್ನು ಬಿಡದೆ ಹಿಡಿದ ಬಿಷಪ್ ಅಥನಾಸಿಯಸ್ ಐದು ಸಲ ಗಡಿಪಾರಾದರು. ಯೇಸುವಿನಲ್ಲಿ ದೇವತ್ವ, ಮನುಷ್ಯತ್ವ ಹೇಗೆ ಕೂಡಿವೆ ಅಂತ ಮತ್ತೆ 451ರಲ್ಲಿ ಕಲ್ಸೆದೋನಿನಲ್ಲಿ ಸೇರಬೇಕಾಯಿತು. ನಮ್ಮ ಮೇಲಿನ ಮನೆಯಲ್ಲಿ ಕೇರಳದ ಆರ್ಥೊಡಾಕ್ಸ್ ಸುರಿಯಾನಿ ಕುಟುಂಬ ಇದೆ. ಅವರ ಸಭೆ ಆ 451ರ ತೀರ್ಮಾನವನ್ನು ಇವತ್ತಿಗೂ ಒಪ್ಪಿಲ್ಲ. ಆದರೂ ಕ್ರಿಸ್ಮಸ್‌ಗೆ ನಮ್ಮ ಮನೆಯ ಕಜ್ಜಾಯ ಅವರಿಗೆ ಹೋಗುತ್ತದೆ, ಅವರ ಕೇಕ್ ನಮಗೆ ಬರುತ್ತದೆ. ದೊಡ್ಡ ದೊಡ್ಡ ಬಿಷಪರಿಗೆ ನೂರಾರು ವರ್ಷ ಹಿಡಿದ ಪ್ರಶ್ನೆಗೆ ನಾವು ಮಕ್ಕಳಿಗೆ ಕೊಟ್ಟದ್ದು ಒಂದು ಶನಿವಾರ.

ನಿಮ್ಮ ಹೆದರಿಕೆಯೂ ನನಗೆ ಅರ್ಥವಾಗುತ್ತದೆ. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ನಾವು 100ರಲ್ಲಿ ಇಬ್ಬರೂ ಇಲ್ಲ. ಮಕ್ಕಳು ಓದಿ ಕೆಲಸಕ್ಕೆ ಸೇರಿದ ಮೇಲೆ ಚರ್ಚಿಗೆ ಬರುವುದು ಕಡಿಮೆ. ಪ್ರಶ್ನೆ ಕೇಳಲು ಬಿಟ್ಟರೆ ಇರುವವರೂ ಹೋಗಿಬಿಟ್ಟಾರು ಅಂತ ಅನ್ನಿಸಬಹುದು. ನಾನು ಕಂಡದ್ದು ಬೇರೆ. ಆ 13 ಮಕ್ಕಳಲ್ಲಿ ಒಬ್ಬ, ನಮ್ಮ ಬೀದಿಯವನೇ, ಅವನ ದೃಢೀಕರಣವಾದ ವಾರದಲ್ಲೇ ನನ್ನ ಹತ್ತಿರ ಮೆಲ್ಲಗೆ ಅಂದ: "ಆಂಟಿ, ನಂಗೂ ನಂಬಿಕೆ ಇಲ್ಲ. ಆದ್ರೆ ಬರೆದೆ. ಈಗ ಮುಗೀತಲ್ಲ." ಅವನು ಈಗ ಚರ್ಚಿಗೆ ಬರುತ್ತಿಲ್ಲ. ನನ್ನ ಮಗಳು ಬರುತ್ತಿದ್ದಾಳೆ. ಎಲ್ಲರೂ ಕರ್ತನ ಭೋಜನಕ್ಕೆ, ಅಂದರೆ ರೊಟ್ಟಿ ದ್ರಾಕ್ಷಾರಸ ತೆಗೆದುಕೊಳ್ಳಲು, ಮುಂದೆ ಹೋಗುವಾಗ ದೃಢೀಕರಣವಾಗದ ಅವಳು ಕೊನೆಯ ಬೆಂಚಿನಲ್ಲಿ ಒಬ್ಬಳೇ ಕೂತಿರುತ್ತಾಳೆ. ನಾನು ರೊಟ್ಟಿ ತೆಗೆದುಕೊಂಡು ತಿರುಗಿ ಬರುವಾಗ ನನ್ನ ಮುಖ ನೋಡುತ್ತಾಳೆ. ತಾಯಿಯಾಗಿ ಆ ಹತ್ತು ಹೆಜ್ಜೆ ನಡೆಯುವುದು ಕಷ್ಟ.

ಇನ್ನೊಂದು ಮಾತು. 2021ರ ಡಿಸೆಂಬರಿನಲ್ಲಿ ಬೆಳಗಾವಿ ಅಧಿವೇಶನಕ್ಕೆ ಮತಾಂತರ ನಿಷೇಧ ಮಸೂದೆ ಬಂದಾಗ ನಾವೆಲ್ಲ ಏನು ಹೇಳಿದೆವು? ಯಾರನ್ನು ನಂಬಬೇಕು ಅನ್ನೋದು ಅವರವರ ಮನಸ್ಸಾಕ್ಷಿಗೆ ಬಿಟ್ಟದ್ದು, ಅದಕ್ಕೆ ಅಧಿಕಾರಿಗಳ ಮುಂದೆ ಅರ್ಜಿ ಹಾಕಿ ನಿಲ್ಲಬೇಕಾಗಿಲ್ಲ ಅಂದೆವು. ಧರ್ಮ ಸ್ವಾತಂತ್ರ್ಯ ಕೊಡುವ ಸಂವಿಧಾನದ 25ನೇ ವಿಧಿ ಅಂದೆವು. ನಾನೂ ಮೇಣದಬತ್ತಿ ಹಿಡಿದು ನಿಂತಿದ್ದೆ. ಆಗ ಮಗಳಿಗೆ 12 ವರ್ಷ, ನನ್ನ ಪಕ್ಕದಲ್ಲೇ ನಿಂತಿದ್ದಳು. ಅಂದು ನಮ್ಮ ಬಾಯಿಂದ ಕೇಳಿದ ಮಾತನ್ನೇ ಅವಳು ನಂಬಿದ್ದಾಳೆ. ಸರ್ಕಾರದ ಹತ್ತಿರ ಕೇಳಿದ್ದನ್ನು ನಮ್ಮ ಮನೆಯ ಮಕ್ಕಳಿಗೆ ಕೊಡದೆ ಹೋದರೆ ಅವಳಿಗೆ ಏನು ಹೇಳಲಿ?

ಈ ಊರಿನಲ್ಲಿ ಯೇಸುವಿನ ಹತ್ತಿರ ಎಷ್ಟು ದಾರಿಯಲ್ಲಿ ಜನ ಬರುತ್ತಾರೆ, ನೋಡಿದ್ದೀರಲ್ಲ. ಗುರುವಾರ ವಿವೇಕನಗರದ ಬಾಲಯೇಸು ಚರ್ಚಿಗೆ ಹೋಗಿ. ಹಣೆಗೆ ವಿಭೂತಿ ಹಚ್ಚಿದವರು, ಬುರ್ಖಾ ಹಾಕಿದವರು ಮೇಣದಬತ್ತಿ ಹಿಡಿದು ನಿಂತಿರುತ್ತಾರೆ. ಅವರವರ ಮನಸ್ಸಿನಲ್ಲಿ ಯೇಸು ಯಾರು ಅನ್ನೋದು ಅವರಿಗೇ ಗೊತ್ತು. ನಾನು ಪಾಠದಲ್ಲಿ ಮಂಜೇಶ್ವರ ಗೋವಿಂದ ಪೈಗಳ ವಿಷಯ ಬಂದಾಗಲೆಲ್ಲ 'ಗೊಲ್ಗೊಥಾ' ಬಗ್ಗೆ ಹೇಳುತ್ತೇನೆ. ಅವರು ಕ್ರೈಸ್ತರಾಗಲಿಲ್ಲ. ಆದರೂ ಯೇಸುವಿನ ಕೊನೆಯ ದಿನವನ್ನು ಕನ್ನಡದಲ್ಲಿ ಖಂಡಕಾವ್ಯವಾಗಿ ಬರೆದರು. ಗಾಂಧೀಜಿ ಯೇಸುವಿನ ಬೆಟ್ಟದ ಮೇಲಿನ ಪ್ರಸಂಗವನ್ನು ಎದೆಗೆ ಹಚ್ಚಿಕೊಂಡರು, ಹಿಂದೂವಾಗಿಯೇ ಉಳಿದರು. ನನ್ನ ನಂಬಿಕೆ ಅವರದ್ದಲ್ಲ. ನನಗೆ ಯೇಸು ಕರ್ತರು, ನನ್ನ ರಕ್ಷಕರು. ಆದರೆ ಅವರು ಯೇಸುವನ್ನು ನಿಜವಾಗಿ ನೋಡಿ ತಮ್ಮ ಮಾತು ಹೇಳಿದರು. ಅಷ್ಟನ್ನು ನಮ್ಮ ಮಕ್ಕಳೂ ಮಾಡಲಿ ಅಂತ ನನ್ನ ಆಸೆ.

ಈಗ ಅಪ್ಪನ ಬೈಬಲ್ಲಿನ ವಿಷಯ. ಇದನ್ನು ಬರೆಯಬೇಕೋ ಬೇಡವೋ ಅಂತ ಬಹಳ ಯೋಚಿಸಿದೆ. ಅವರನ್ನು ನೀವೆಲ್ಲ ಗಟ್ಟಿ ವಿಶ್ವಾಸಿ ಅಂತ ನೆನೆಯುತ್ತೀರಿ. ಹೌದು, ಹಾಗೇ ಇದ್ದರು. ಅವರು ಹೋದ ಮೇಲೆ ಅವರ ಬೈಬಲ್ ನನ್ನ ಮಗಳಿಗೆ ಬಂತು. ಕಪ್ಪು ರಟ್ಟು, ಬೆನ್ನಿಗೆ ಬ್ಯಾಂಡೇಜ್ ಪಟ್ಟಿ ಅಂಟಿಸಿದ್ದು. ಅದರ ಅಂಚುಗಳಲ್ಲಿ ಪೆನ್ಸಿಲ್ಲಿನಲ್ಲಿ ಸಣ್ಣ ಸಣ್ಣ ಗುರುತುಗಳಿವೆ. ಯೋಹಾನನ 20ನೇ ಅಧ್ಯಾಯದಲ್ಲಿ ಯೇಸುವಿನ ಶಿಷ್ಯ ತೋಮನ ಕಥೆ. ಸತ್ತು ಎದ್ದು ಬಂದ ಯೇಸುವನ್ನು ಉಳಿದ ಶಿಷ್ಯರು ನೋಡಿದಾಗ ತೋಮ ಇರಲಿಲ್ಲ. ಮೊಳೆಯ ಗಾಯದಲ್ಲಿ ಬೆರಳಿಟ್ಟ ಹೊರತು ನಂಬುವುದಿಲ್ಲ ಅಂದ. ಎಂಟು ದಿನ ಆದ ಮೇಲೆ ಯೇಸು ಮತ್ತೆ ಬಂದರು. ಅಪ್ಪ "ಎಂಟು ದಿನ" ಅನ್ನುವ ಕಡೆ ಗೆರೆ ಎಳೆದು ಪಕ್ಕದಲ್ಲಿ ಬರೆದಿದ್ದಾರೆ: "ಈ ಎಂಟು ದಿನ ತೋಮ ಎಲ್ಲಿದ್ದ?" ಅದರ ಕೆಳಗೆ, ಬೇರೆ ಪೆನ್ಸಿಲ್ಲು, ಬಹುಶಃ ಎಷ್ಟೋ ವರ್ಷ ಆದ ಮೇಲೆ: "ಅವರ ಜೊತೆಯಲ್ಲೇ."

ಆ ವಚನ ನಾನೂ ತೆಗೆದು ನೋಡಿದೆ. ಎರಡನೇ ಸಲ ಯೇಸು ಬಂದಾಗ ಶಿಷ್ಯರು ಬಾಗಿಲು ಹಾಕಿಕೊಂಡು ಒಳಗಿದ್ದರು, ತೋಮನೂ ಅವರ ಜೊತೆ ಇದ್ದ. ನಂಬುವುದಿಲ್ಲ ಅಂದವನನ್ನು ಯಾರೂ ಹೊರಗೆ ಹಾಕಿರಲಿಲ್ಲ. ಪಟ್ಟಿಯಿಂದ ಹೆಸರು ಹೊಡೆದಿರಲಿಲ್ಲ. ಅವನೂ ಎದ್ದು ಹೋಗಿರಲಿಲ್ಲ. ಯೇಸು ಬಂದು ಮೊದಲು ಕೈ ತೋರಿಸಿದರು. ನೋಡದೆ ನಂಬಿದವರು ಧನ್ಯರು ಅನ್ನುವ ಮಾತನ್ನು ನನ್ನ ಮಗಳಿಗೆ ತರಗತಿಯಲ್ಲಿ ಹೇಳಿದರಂತೆ. ಅದು ಕೈ ತೋರಿಸಿದ ಮೇಲೆ ಹೇಳಿದ ಮಾತು. ಆ ತೋಮನೇ ಮುಂದೆ ನಮ್ಮ ದೇಶಕ್ಕೆ ಬಂದ, ಚೆನ್ನೈನ ಮೈಲಾಪುರದಲ್ಲಿ ಪ್ರಾಣ ಕೊಟ್ಟ ಅಂತ ನಮ್ಮ ಹಿರಿಯರು ನಂಬಿಕೊಂಡು ಬಂದಿದ್ದಾರೆ. ಇಲ್ಲಿಂದ ಒಂದು ರಾತ್ರಿಯ ರೈಲು ದಾರಿ. ಅಪ್ಪ ನಮ್ಮನ್ನು ಒಂದು ಸಲ ಅಲ್ಲಿನ ಸ್ಯಾನ್ ಥೋಮ್ ಚರ್ಚಿಗೆ ಕರೆದುಕೊಂಡು ಹೋಗಿದ್ದರು. ಬಹಳ ಹೊತ್ತು ಮೊಣಕಾಲೂರಿ ಕೂತಿದ್ದರು. ಯಾಕೆ ಅಂತ ಆಗ ನಾನು ಕೇಳಲಿಲ್ಲ. ಅವರ ಮನಸ್ಸಿನ ಪ್ರಶ್ನೆ ಕೇಳಲು ನಮ್ಮ ಸಭೆಯಲ್ಲಿ ಅವರಿಗೂ ಜಾಗ ಇರಲಿಲ್ಲವೇನೋ. ಪೆನ್ಸಿಲ್ಲಿನಲ್ಲಿ, ಅಂಚಿನಲ್ಲಿ ಬರೆದಿಟ್ಟು ಹೋದರು.

ಹಿರಿಯರೇ, ನಾನು ಕೇಳುವುದು ಜಾಸ್ತಿ ಏನಿಲ್ಲ. 7ನೇ ಪ್ರಶ್ನೆ ಇರಲಿ, ಅದರ ಕೆಳಗೆ ಬೋರ್ಡಿನಲ್ಲಿ ಉತ್ತರ ಬರೆಯಬೇಡಿ. ಆ ಪುಟ ಮಕ್ಕಳದ್ದು. ಸಭೆ ಏನು ನಂಬುತ್ತದೆ ಅಂತ ಖಂಡಿತ ಹೇಳಿ, ಧೈರ್ಯವಾಗಿ ಹೇಳಿ, ಅದಕ್ಕೆ ಕಾರಣವನ್ನೂ ಹೇಳಿ. ಅದಕ್ಕೆ ಮೊದಲು ಮಕ್ಕಳ ಕೈಗೆ ಮಾರ್ಕನ ಸುವಾರ್ತೆ ಕೊಟ್ಟು ಪೂರ್ತಿ ಓದಿಸಿ. ಎರಡು ಶನಿವಾರ ಸಾಕು. ಪ್ರಶ್ನೆಗೆ ಉತ್ತರ ಕೊಡುವುದು ನಮ್ಮ ಅಣ್ಣ ಅಕ್ಕಂದಿರಿಗೆ ಕಷ್ಟ ಆದರೆ ಅದು ಅವರ ತಪ್ಪಲ್ಲ, ಅವರು ದುಡಿದು ದಣಿದು ಬಂದು ಪುಕ್ಕಟೆ ಪಾಠ ಮಾಡುವವರು. ನಮ್ಮ ಊರಿನಲ್ಲೇ, ಮಿಲ್ಲರ್ಸ್ ರಸ್ತೆಯಲ್ಲಿ, 1910ರಿಂದ ಯುನೈಟೆಡ್ ಥಿಯಲಾಜಿಕಲ್ ಕಾಲೇಜ್ ಇದೆ. ದೇಶದ ಎಲ್ಲ ಕಡೆಯಿಂದ ಬಂದು ಇಂಥ ಪ್ರಶ್ನೆಗಳನ್ನೇ ವರ್ಷಗಟ್ಟಲೆ ಓದುತ್ತಾರೆ. ಅಲ್ಲಿಂದ ಯಾರನ್ನಾದರೂ ಒಂದು ಶನಿವಾರ ಕರೆಸಿ. ಆಟೋದಲ್ಲಿ ಕರೆತರುವ ಜವಾಬ್ದಾರಿ ನನ್ನದು.

ಇನ್ನೂ ಸಮಯ ಬೇಕು ಅನ್ನುವ ಮಗುವಿಗೆ ಮುಂದಿನ ವರ್ಷ ಬಾ ಅಂತ ಪ್ರೀತಿಯಿಂದ ಹೇಳಿ. ನೋಟಿಸ್ ಬೋರ್ಡಿನಲ್ಲಿ ಹೆಸರು ಗೀಚಬೇಡಿ. ಕೊನೆಯದಾಗಿ, 13 ಮಕ್ಕಳ ಮುಂದೆ ನನ್ನ ಮಗಳಿಗೆ ಆಡಿದ ಮಾತನ್ನು ಅದೇ ಮಕ್ಕಳ ಮುಂದೆ ಹಿಂದಕ್ಕೆ ತೆಗೆದುಕೊಳ್ಳಿ. ಕ್ಷಮೆ ಅನ್ನುವ ಪದ ಬಳಸದಿದ್ದರೂ ಪರವಾಗಿಲ್ಲ. ನೀನು ಕೇಳಿದ್ದು ತಪ್ಪಲ್ಲ ಮಗಳೇ ಅಂದರೆ ಸಾಕು.

ಈ ವರ್ಷದ ತರಗತಿಗೆ ಹೆಸರು ಕೊಡಲು ನೋಟಿಸ್ ಹಾಕಿದ್ದೀರಿ. ಅವಳು ಮತ್ತೆ ಬರುತ್ತೇನೆ ಅಂದಿದ್ದಾಳೆ. ನಾನು ಹೇಳಿಲ್ಲ, ಅವಳೇ ಅಂದದ್ದು. ಫಾರಂ ತುಂಬಿ ಈ ಪತ್ರದ ಜೊತೆ ಆಫೀಸಿನಲ್ಲಿ ಕೊಟ್ಟಿದ್ದೇನೆ. ಅದೇ ನೋಟ್‌ಬುಕ್ ತರುತ್ತಾಳಂತೆ. ಕೆಂಪು ಗೆರೆಯ ಕೆಳಗೆ ಅರ್ಧ ಪುಟ ಖಾಲಿ ಇದೆ.

ನಿಮ್ಮ ಉತ್ತರಕ್ಕೆ ಕಾಯುತ್ತಿರುವ,
ನಿಮ್ಮ ಸಭೆಯ ಒಬ್ಬ ಸದಸ್ಯೆ, ಒಬ್ಬ ತಾಯಿ
ಬೆಂಗಳೂರು